ಕೂಸನ್ನು ಎತ್ತಿಕೊಳ್ಳದ ತಾಯಿ

ಹೊಸಪೇಟೆಯ ಬಾಣಂತಿ-ಮಕ್ಕಳ ಆರೈಕೆ ಕೇಂದ್ರಕ್ಕೆ ನಾನು ಸೇರಿ ಆಗ ಎರಡು ವರ್ಷವಾಗಿತ್ತು. ಬಳ್ಳಾರಿಯಲ್ಲಿ ಕಲಿತು ಬಂದವಳು. ಊರೂರಿಗೆ ಹೋಗಿ ಬಸುರಿಯರನ್ನೂ ಬಾಣಂತಿಯರನ್ನೂ ನೋಡುವುದು, ಮನೆಯವರಿಗೆ ತಿಳಿಹೇಳುವುದು, ಕಂಡದ್ದನ್ನು ಬರೆದುಕೊಂಡು ಬರುವುದು ನನ್ನ ಕೆಲಸ. ಜನ ನರ್ಸಮ್ಮ ಎನ್ನುತ್ತಿದ್ದರು. ಇಪ್ಪತ್ತಮೂರರ ವಯಸ್ಸು. ಯಾರನ್ನಾದರೂ ಒಂದು ಸಲ ನೋಡಿದರೆ ಸಾಕು, ಅವರು ಎಂಥವರೆಂದು ಹೇಳಬಲ್ಲೆ ಎಂದುಕೊಂಡಿದ್ದೆ.

ಕಂಪ್ಲಿಯಲ್ಲಿ ಕಬ್ಬು, ಭತ್ತ ಬೆಳೆಯುವ ಒಂದು ಮನೆಯಿಂದ ಕರೆ ಬಂತು. ಸೊಸೆಯ ಚೊಚ್ಚಲ ಹೆರಿಗೆ. ತವರಿನಲ್ಲಿ ತಾಯಿ ಇಲ್ಲದ ಕಾರಣ ಗಂಡನ ಮನೆಯಲ್ಲೇ ಬಾಣಂತನ. ಹೆಣ್ಣು ಕೂಸು ಗಟ್ಟಿಮುಟ್ಟಾಗಿ ಹುಟ್ಟಿತು. ಒರೆಸಿ, ಬಟ್ಟೆ ಸುತ್ತಿ ತಾಯಿಯ ಕೈಗೆ ಕೊಡಹೋದರೆ ಆಕೆ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆಯ ಕಡೆ ತಿರುಗಿದಳು.

“ನನ್ನ ಕೈಯಾಗ ಕೊಡಬ್ಯಾಡ್ರಿ.”

ನೋವಿಗೆ ಹಾಗೆನ್ನುತ್ತಾಳೆ ಎಂದುಕೊಂಡೆ. ಮೂರು ದಿನ ಬಿಟ್ಟು ಹೋದರೂ ಅದೇ ಮಾತು. ಅತ್ತೆ ಕೂಸನ್ನು ಹಿಡಿದು ಮೊಲೆಗೆ ಹಚ್ಚಿದರೆ ಹಾಲು ಕುಡಿಸುತ್ತಿದ್ದಳು. ಕೈ ಮಾತ್ರ ಮುಂದೆ ಬರುತ್ತಿರಲಿಲ್ಲ. ಕೂಸು ಅತ್ತರೆ ಎದೆಯ ಹಾಲು ಸೀರೆಯನ್ನೆಲ್ಲ ತೋಯಿಸುತ್ತಿತ್ತು, ಆದರೂ ಎತ್ತಿಕೊಳ್ಳಳು. ನನಗೆ ಸಿಟ್ಟು ನೆತ್ತಿಗೇರಿತು.

“ಎಂಥಾ ತಾಯಿವಾ ನೀನು? ಎಮ್ಮಿ ಸೈತ ತನ್ನ ಕರ ನೆಕ್ಕತೈತಿ!” ಎಂದೆ, ಓಣಿಯ ಹೆಂಗಸರೆಲ್ಲ ಕೂತಿರುವಾಗಲೇ. ಆಕೆ ನನ್ನನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡಳು.

ಮನೆಯವರು ಗಾಳಿ ಸೋಕಿದೆ ಎನ್ನುತ್ತಿದ್ದರು. ಅದನ್ನು ನಾನು ಒಪ್ಪಲಿಲ್ಲ. ಒಪ್ಪದೆ, ಅದಕ್ಕಿಂತ ಕೆಟ್ಟದ್ದನ್ನು ಹೇಳಿದೆ. ಈಕೆಗೆ ಕರುಳಿಲ್ಲ, ಕೂಸನ್ನು ಇವಳ ಹತ್ತಿರ ಬಿಡುವುದು ಸರಿಯಲ್ಲ ಎಂದೆ. ಗಂಡನ ತಂಗಿ, ಈಕೆಯ ನಾದಿನಿ, ಸಂಡೂರಿನಲ್ಲಿದ್ದಳು. ಹೆತ್ತ ಮಗು ತಿಂಗಳೊಳಗೇ ತೀರಿಹೋಗಿ, ಎದೆಯಲ್ಲಿ ಹಾಲು ಇನ್ನೂ ಬತ್ತಿರಲಿಲ್ಲ. ಓದಿದವಳ ಮಾತೆಂದು ಮನೆಯವರು ನನ್ನ ಮಾತು ನಡೆಸಿದರು. ಇಪ್ಪತ್ತೊಂದನೆಯ ದಿನ ಎತ್ತಿನ ಗಾಡಿಯಲ್ಲಿ ಕೂಸು ಸಂಡೂರಿಗೆ ಹೋಯಿತು. ತಾಯಿ ಬಾಗಿಲಲ್ಲಿ ನಿಂತಿದ್ದಳು, ಕೈ ಕಂಕುಳಲ್ಲಿ. ಅಳಲಿಲ್ಲ. ಅಳಲಿಲ್ಲವೆಂದೇ ನಾನು ಮಾಡಿದ್ದು ಸರಿ ಎಂದುಕೊಂಡೆ.

ಆರು ವರ್ಷ ಕಳೆಯಿತು. ಪಾಪಿನಾಯಕನಹಳ್ಳಿಯಲ್ಲಿ ಒಬ್ಬ ಬಸುರಿಯನ್ನು ನೋಡಲು ಹೋಗುತ್ತಿದ್ದೆ. ಆ ಮನೆಯ ಹಿರಿಯ ಹೆಂಗಸು ಕೆಮ್ಮಿನಿಂದ ಹಾಸಿಗೆ ಹಿಡಿದಿದ್ದಳು, ಉಳಿಯುವಂತೆ ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದಳು.

“ನೀವು ಕಂಪ್ಲಿಗೆ ಹೋಗ್ತಿರೇನ್ರಿ? ಅಲ್ಲಿ ನಮ್ಮಕ್ಕನ ಮಗಳದಾಳ. ಆಕಿಗೊಂದು ಮಾತು ಮುಟ್ಟಸ್ರಿ.”

ಹೇಳಿದ ಗುರುತು ಆ ಬಾಣಂತಿಯ ಮನೆಯದೇ. ಆಕೆ ಏದುಸಿರು ಬಿಡುತ್ತ ಹೇಳುತ್ತಾ ಹೋದಳು.

ಪ್ಲೇಗು ಬಂದ ವರ್ಷ ಇವರೆಲ್ಲ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಅಕ್ಕನಿಗೂ ಪ್ಲೇಗಿನ ಬೇನೆ ಹತ್ತಿತು. ಆರು ವರ್ಷದ ಮಗಳ ಮಡಿಲಿಗೆ ಎಳೆಗೂಸು ತಮ್ಮನನ್ನು ಹಾಕಿ, “ಇವನ್ನ ಬಿಡಬ್ಯಾಡ ನೋಡು” ಎಂದು ಬೇರೆ ಗುಡಿಸಲಿಗೆ ಹೋದವಳು ಮತ್ತೆ ಬರಲಿಲ್ಲ. ಹುಡುಗಿ ಎರಡು ದಿನ ಆ ಕೂಸನ್ನು ಮಡಿಲಿಂದ ಇಳಿಸಲಿಲ್ಲ. ಅದರ ಜೀವ ಹೋದದ್ದೂ ಅವಳಿಗೆ ತಿಳಿಯಲಿಲ್ಲ, ತಟ್ಟುತ್ತಲೇ ಕೂತಿದ್ದಳು.

“ಕೂಸಿನ್ನ ಕಸಗೊಂಡಾಕಿ ನಾನ. ಅಕ್ಕ ಹೋದ ಸಂಕಟ ಬ್ಯಾರೆ. ನಿನ್ನ ಕೈಯಾಗಿನ ಕೂಸು ಉಳೀಲಿಲ್ಲ, ನಿನ್ನ ಕೈನ ಸರಿಯಿಲ್ಲ ಅಂದುಬಿಟ್ಟೆ. ಅವತ್ತಿನಿಂದ ಆಕಿ ಯಾರ ಕೂಸನ್ನೂ ಮುಟ್ಟಲಿಲ್ರಿ. ಕಡೀಗೆ ತಾನು ಹಡೆದದ್ದನ್ನೂ… ಯಾರೋ ನರ್ಸಮ್ಮ ಹೇಳಿ ಕೂಸಿನ್ನ ಕಳಿಸಿಬಿಟ್ಲಂತ. ಆ ಮಾತು ನಂದ ತಪ್ಪು, ನಿನ್ನ ಕೈಯಾಗ ಏನೂ ದೋಷಿಲ್ಲ ಅಂತ ಆಕಿಗೆ ಹೇಳ್ರಿ.”

ಆ ನರ್ಸಮ್ಮ ನಾನೇ ಎಂದು ಹೇಳಲಿಲ್ಲ. ಆಕೆಯ ಕೈ ಹಿಡಿದು, ಮಾತು ಮುಟ್ಟಿಸುತ್ತೇನೆ ಎಂದಷ್ಟೇ ಹೇಳಿದೆ. ವಾರದೊಳಗೆ ತೀರಿಕೊಂಡಳು.

ಕಂಪ್ಲಿಗೆ ಹೋದೆ. ಆಕೆ ಹಿತ್ತಲಲ್ಲಿ ಭತ್ತ ಕೇರುತ್ತಿದ್ದಳು. ಮತ್ತೆ ಮಕ್ಕಳಾಗಿರಲಿಲ್ಲ. ಮೊರ ಕೆಳಗಿಟ್ಟು, “ಕುಂದ್ರಿ” ಎಂದು ಚಾಪೆ ಹಾಸಿದಳು. ಚಿಕ್ಕವ್ವನ ಮಾತನ್ನು ಹೇಳಿದೆ.

“ಚಿಕ್ಕವ್ವಂದೇನು ತಪ್ಪೈತ್ರಿ? ಆಕಿಗೂ ಆಗ ಇಪ್ಪತ್ತು ತುಂಬಿದ್ದಿಲ್ಲ. ಅಕ್ಕನ್ನ ಕಳಕೊಂಡಾಕಿ.”

“ತಪ್ಪು ನಂದವಾ,” ಎಂದೆ.

ಇಲ್ಲ ಎನ್ನಲಿಲ್ಲ ಆಕೆ. ನೆಲದ ಕಾಳುಗಳನ್ನು ಒಂದೊಂದಾಗಿ ಆರಿಸುತ್ತ ಹೇಳಿದಳು: “ನೀವು ಬೈದ್ರಿ. ಯಾಕ ಅಂತ ಕೇಳಲಿಲ್ಲ. ಕೇಳಿದ್ರ ಹೇಳ್ತಿದ್ನೋ ಏನೋ, ಗೊತ್ತಿಲ್ಲ. ಯಾರೂ ಕೇಳಿದ್ದಿಲ್ಲ ನನ್ನ.”

“ಸಂಡೂರಿಗೆ ಹೋಗಿ ಮಗಳನ್ನ ಕರಕೊಂಡು ಬರೋಣು?”

“ನೋಡಿ ಬರೋಣು,” ಎಂದಳು.

ಹೊಸಪೇಟೆಯಿಂದ ಬಸ್ಸು ಹಿಡಿದು ಇಬ್ಬರೂ ಹೋದೆವು. ಘಟ್ಟ ಹತ್ತುವಾಗ ಕೆಂಪು ಧೂಳು ಮುಖಕ್ಕೆಲ್ಲ ಮೆತ್ತಿಕೊಂಡಿತು. ಇಳಿದವಳೇ ಬಾವಿಯ ಬಳಿ ಎರಡು ಸಲ ಮುಖ ತೊಳೆದುಕೊಂಡಳು. ನಾದಿನಿಯ ಮನೆಯಂಗಳದಲ್ಲಿ ಆರು ವರ್ಷದ ಹುಡುಗಿ ಕುಂಟಾಟ ಆಡುತ್ತಿದ್ದಳು. ನಮ್ಮನ್ನು ಕಂಡು ಓಡಿಹೋಗಿ ನಾದಿನಿಯ ಸೆರಗಿನೊಳಗೆ ಮುಖ ಹುದುಗಿಸಿದಳು.

“ಇವರ್ಯಾರವ್ವಾ?”

ನಾದಿನಿ ಹುಡುಗಿಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಅಪ್ಪಿಕೊಂಡಳು. ನಾನು ಬಾಯಿ ತೆರೆಯುವ ಮುಂಚೆಯೇ ಈಕೆ ಹೇಳಿದಳು: “ನಾನು ಕಂಪ್ಲಿ ಅತ್ತಿ, ನಿಮ್ಮ ಮಾವನ ಹೇಣ್ತಿ.”

ಆ ಸಂಜೆ ಹುಡುಗಿಗೆ ಜಡೆ ಹಾಕುವಾಗ ನಾದಿನಿ ತಾನಾಗಿಯೇ ಎದ್ದು ಬಾಚಣಿಗೆಯನ್ನು ಈಕೆಯ ಕೈಗೆ ಕೊಟ್ಟಳು. ಈಕೆ ಕೂದಲು ಬಿಡಿಸತೊಡಗಿದಳು. ಮೊದಲ ಸಲ ಮಗಳ ತಲೆ ಮುಟ್ಟಿದ್ದು. ಜಡೆ ಸೊಟ್ಟಗಾಯಿತು, ಹುಡುಗಿ ಅದನ್ನು ಬಿಚ್ಚಿಸಿಕೊಂಡು ನಾದಿನಿಯಿಂದ ಮತ್ತೆ ಹಾಕಿಸಿಕೊಂಡಳು.

ತಿರುಗಿ ಬರುವ ಬಸ್ಸಿನಲ್ಲಿ ನಾನು ಕೇಳಿದೆ, ಯಾಕೆ ಮಗಳನ್ನು ಕೇಳಲಿಲ್ಲವೆಂದು.

“ಒಂದ ಸಲ ಒಬ್ಬರ ಮಡಿಲಿಂದ ಕಿತ್ತಾಗೈತಿ. ಇನ್ನೊಮ್ಮಿ ಕೀಳೋದು ಬ್ಯಾಡ್ರಿ. ನಿಮಗ ಕೈ ಮುಗೀತೀನಿ, ಆಕಿಗೆ ಯಾವತ್ತೂ ಹೇಳಬ್ಯಾಡ್ರಿ.”

ಆಮೇಲೆ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಹುಡುಗಿ ಕಂಪ್ಲಿಗೆ ಬಂದು ಹದಿನೈದು ದಿನ ಇರುತ್ತಿದ್ದಳು. ಹೆತ್ತವರನ್ನು ಅತ್ತಿ, ಮಾವ ಎನ್ನುತ್ತಿದ್ದಳು. ನಾನು ಕೇಂದ್ರದಲ್ಲೇ ಉಳಿದೆ. ಹೊಸದಾಗಿ ಸೇರಿದ ಹುಡುಗಿಯರು ಯಾವಳೋ ಬಾಣಂತಿ ಮೊಂಡಿ ಎಂದು ಬಂದು ದೂರಿದರೆ, ಅವಳ ಪಕ್ಕ ಕೂತು ಬಂದೆಯಾ ಎಂದು ಕೇಳುತ್ತಿದ್ದೆ. ಅವರಿಗೆ ನನ್ನ ಮೇಲೆ ಬೇಸರವಾಗುತ್ತಿತ್ತು.

ಹುಡುಗಿಗೆ ಹದಿನಾಲ್ಕಾದ ವರ್ಷ ಕಂಪ್ಲಿಯಲ್ಲಿ ವಿಷಮಜ್ವರ ಹರಡಿ ಅವಳನ್ನು ಹೆತ್ತಾಕೆ ತೀರಿಕೊಂಡಳು. ನಾನು ತಲುಪುವಷ್ಟರಲ್ಲಿ ಹಣೆಗೆ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದರು. ಸಂಡೂರಿನವರೂ ಬಂದರು. ಹುಡುಗಿ ಒಳಗೆ ಕಾಲಿಟ್ಟದ್ದೇ ತಡ, ಹೆಂಗಸರೆಲ್ಲ ಅವಳನ್ನು ನೋಡಿ ಮತ್ತಷ್ಟು ಗೋಳಾಡಿದರು. ಅವಳು ಗಾಬರಿಯಾಗಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

“ನರ್ಸಮ್ಮಾರ, ಎಲ್ಲಾರೂ ನನ್ನ ನೋಡಿ ಯಾಕ ಅಳ್ತಾರ್ರಿ?”

“ಅತ್ತಿಗೆ ನೀನಂದ್ರ ಭಾಳ ಜೀವ ಇತ್ತವಾ,” ಎಂದೆ. ಅಷ್ಟು ಹೇಳುವುದಕ್ಕೆ ಮಾತ್ರ ನನಗೆ ಅಪ್ಪಣೆಯಿತ್ತು. ಅವಳು ತಲೆಯಾಡಿಸಿ, ಹೋಗಿ, ಬೇರೆ ನೆಂಟರ ಮಕ್ಕಳ ಸಾಲಿನಲ್ಲಿ ನಿಂತು ಕೈ ಮುಗಿದಳು.