ಹತ್ತು ಇಪ್ಪತ್ತಕ್ಕೆ ನಿಂತ ಗದ್ದಲ

ಹತ್ತು ಇಪ್ಪತ್ತು ಎಂದೇ ಬರೆದಿದೆ, ಅಕ್ಷರವೂ ನನ್ನದೇ. ಅನುಮಾನವಿರುವುದು ಅದು ಯಾವ ಗಡಿಯಾರದ ಹತ್ತು ಇಪ್ಪತ್ತು ಎಂಬುದರಲ್ಲಿ. ಈ ಪ್ರಸಂಗವನ್ನು ಹತ್ತಾರು ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ನುಣ್ಣಗಾಗಿದೆ. ನುಣ್ಣಗಾದ ನೆನಪನ್ನು ನಂಬಲಾರೆ. ಅದಕ್ಕೇ ಈ ಸಲ ರೇಡಿಯೋದಲ್ಲಿ ಕೇಳಿದ್ದನ್ನು ಸಮಯ ಸಹಿತ ಬರೆದಿಡುವ ಲಾಗ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ದೂರವಾಣಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು, ಹೊಸದುರ್ಗದಲ್ಲಿ ಜೂನಿಯರ್ ಎಂಜಿನಿಯರ್ ಆಗಿ ನಿವೃತ್ತನಾದ ಮರುವರ್ಷದ ಆಷಾಢ. ಊರಂಚಿನ ಮನೆಯ ಮಹಡಿ ಕೋಣೆಯೇ ನನ್ನ ಹ್ಯಾಮ್ ರೇಡಿಯೋ ಸ್ಟೇಷನ್. ಪರವಾನಗಿ ಪಡೆದು, ಸ್ವಂತ ಟ್ರಾನ್ಸ್‌ಮಿಟರ್‌ನಿಂದ ದೂರದೂರದ ಹವ್ಯಾಸಿಗಳ ಜೊತೆ ಮಾತಾಡುವವರು ಹ್ಯಾಮ್‌ಗಳು. ತಾರಸಿಯ ಮೇಲೆ ಎರಡು ಬಿದಿರಿನ ಗಳ, ನಡುವೆ ಇಪ್ಪತ್ತು ಮೀಟರ್ ತಾಮ್ರದ ತಂತಿ. ಅದೇ ಆಂಟೆನಾ. ಮೇಜಿನ ಮೇಲೆ ಎರಡು ಗಡಿಯಾರ. ಒಂದರಲ್ಲಿ ನಮ್ಮ ಸಮಯ. ಇನ್ನೊಂದರಲ್ಲಿ ಯುಟಿಸಿ, ಎಲ್ಲ ದೇಶದ ಹ್ಯಾಮ್‌ಗಳೂ ಬಳಸುವ ಸಾಮಾನ್ಯ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ಲಾಗ್‌ನಲ್ಲಿ ಯುಟಿಸಿಯನ್ನೇ ಬರೆಯಬೇಕು. ಬರೆಯುತ್ತಿದ್ದೆ, ಹೆಚ್ಚಾಗಿ.

ಆ ಆಷಾಢದಲ್ಲಿ ಹತ್ತೊಂಬತ್ತು ದಿನ ನನ್ನ ರೇಡಿಯೋದಲ್ಲಿ ಚರಚರ ಗದ್ದಲವೊಂದನ್ನು ಬಿಟ್ಟು ಬೇರೇನೂ ಕೇಳಲಿಲ್ಲ. "ಇಷ್ಟು ದಿನ ಪ್ರಪಂಚ ಮಾತಾಡ್ತಿತ್ತು, ಈಗ ಒಗ್ಗರಣೆ ಹಾಕ್ತೈತೇನು?" ಎಂದು ಹೆಂಡತಿ ಸರ್ವಮಂಗಳ ಬಾಗಿಲಲ್ಲಿ ನಿಂತು ನಕ್ಕಳು. ನಾನು ಮೊದಲು ಗುಡ್ಡದ ಗಾಳಿಯಂತ್ರಗಳನ್ನು ಬೈದೆ. ತಪ್ಪು. ಒಂದು ಮಧ್ಯಾಹ್ನ ತುಂತುರು ಹನಿಯಿತು, ಯಂತ್ರಗಳು ತಿರುಗುತ್ತಲೇ ಇದ್ದವು, ಗದ್ದಲ ಮಾತ್ರ ಅಡಗಿತು. ಒದ್ದೆಯಾದಾಗ ಅಡಗಿ ಒಣಗಿದಾಗ ಮರಳುವ ಗದ್ದಲ ಸಾಮಾನ್ಯವಾಗಿ ವಿದ್ಯುತ್ ಕಂಬದ್ದು. ಎಲ್ಲೋ ಏನೋ ಸಡಿಲವಾಗಿ ಕಿಡಿ ಹಾರುತ್ತಿರುತ್ತದೆ.

ಚಿಕ್ಕ ಟ್ರಾನ್ಸಿಸ್ಟರ್ ಹಿಡಿದು ಹನ್ನೊಂದು ಸಾವಿರ ವೋಲ್ಟಿನ ಲೈನಿನ ಗುಂಟ ಎರಡು ದಿನ ನಡೆದೆ. ಮನೆಯಿಂದ ಎರಡು ಕಿಲೋಮೀಟರ್ ದೂರದ ಬೀಳು ಹೊಲದಲ್ಲಿ, ಒಂದು ಸಿಮೆಂಟ್ ಕಂಬದ ಬುಡದಲ್ಲಿ ಅದು ಕಿರುಚಿತು. ಹೊಲಕ್ಕೆ ಗೊಬ್ಬರವಾಗಲೆಂದು ಅಲ್ಲಿ ರಾತ್ರಿ ಹೊತ್ತು ಕುರಿ ತರುಬಿ ಕೂಡುತ್ತಿದ್ದರು. ಹಿಂಡು ಮೇಯಲು ಹೋಗಿತ್ತು. ಕಬ್ಬಿಣದ ಜಾಲರಿಯ ದೊಡ್ಡಿಯಲ್ಲಿ ಮರಿಗಳು, ಅವುಗಳ ಕಾವಲಿಗೆ ಈರಜ್ಜಿ.

"ಏನ್ ಸ್ವಾಮಿ, ಕಂಬಕ್ಕೆ ರೇಡಿಯಾ ಕೇಳಿಸ್ತಿದೀರಾ?"

"ಇಲ್ಲಜ್ಜಿ, ಕಂಬ ಹಾಡೋದನ್ನ ರೇಡಿಯೋಗೆ ಕೇಳಿಸ್ತಿದೀನಿ."

"ಹೂಂ, ಹಾಡ್ತೈತೆ. ಮರಿಗಳು ಆ ಸದ್ದಿಗೇ ಮಲಗ್ತಾವೆ. ರಿಪೇರಿ ಗಿಪೇರಿ ಮಾಡಿಸ್ಬ್ಯಾಡ್ರಿ."

ಜಾಲರಿಯ ಒಂದು ತುದಿಯನ್ನು ಕಂಬದ ಅರ್ಥಿಂಗ್ ತಂತಿಗೆ ಬಿಗಿದಿದ್ದರು. ಕಂಬದ ತಲೆಯ ಕಬ್ಬಿಣದ ಅಡ್ಡಪಟ್ಟಿಯಿಂದ ನೆಲಕ್ಕಿಳಿಯುವ ತಂತಿ ಅದು. ನಾನು ಅದನ್ನು ನೋಡಿದೆ. "ಬಿಚ್ಚಿ ಅಂತ ಅವತ್ತೇ ಹೇಳಿದ್ದೆ" ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಹೇಳಿದ ನೆನಪು ನಿಜಕ್ಕೂ ಇಲ್ಲ. ನನ್ನ ತಲೆಯಲ್ಲಿದ್ದದ್ದು ನನ್ನ ರೇಡಿಯೋ. ಲೈನ್‌ಮನ್ ತಿಪ್ಪೇಸ್ವಾಮಿಗೆ ಫೋನ್ ಮಾಡಿದೆ. "ಸೋಮವಾರ ಬರ್ತೀನಿ ಸಾರ್" ಎಂದ. ಒಪ್ಪಿಕೊಂಡೆ.

ಶನಿವಾರ ಗದ್ದಲ ನಿಂತಿತು. ಒರೆಸಿದ ಸ್ಲೇಟಿನಂಥ ಮೌನ, ಅದರ ತಳದಲ್ಲಿ ಎಲ್ಲೋ ಯಾರದೋ ಸಣ್ಣ ಮೋರ್ಸ್ ಸಂಕೇತದ ಸದ್ದು. ಅಷ್ಟು ಸಂತೋಷವಾಗಿ ಎಷ್ಟೋ ದಿನವಾಗಿತ್ತು. "ಗದ್ದಲ ನಿಂತಿತು, 10:20" ಎಂದು ಬರೆದು ಎರಡು ಗೆರೆ ಎಳೆದೆ.

ಶನಿವಾರ ಸಂಜೆ ನಾಲ್ಕಕ್ಕೆ ಧರ್ಮಪುರದ ಆಂಜಿನಪ್ಪನ ಜೊತೆ ಮಾತಾಡುವುದು ನಮ್ಮ ವಾಡಿಕೆ. ಅವನು ಶೇಂಗಾ ಬೆಳೆಯುವವನು, ನನ್ನಂತೆಯೇ ಹ್ಯಾಮ್. ಕಂಬದ ವಿಷಯ ಅವನಿಗೆ ಫೋನಿನಲ್ಲಿ ಹೇಳಿದ್ದೆ.

"ಏನ್ ಸಾರ್, ಇವತ್ತು ಒಂದ್ಸಲಕ್ಕೇ ನನ್ ಮಾತು ಕೇಳಿಸ್ತಲ್ಲ! ಕಂಬ ರಿಪೇರಿ ಆಯ್ತಾ?"

"ಇಲ್ಲಪ್ಪ, ತಾನೇ ಸರಿಹೋಯ್ತು."

"ತಾನೇ ವಾಸಿಯಾಗೋದು ಜ್ವರ ಸಾರ್, ಕಂಬ ಅಲ್ಲ."

ಕೈಯಲ್ಲಿದ್ದ ಮೈಕ್ ಅಲ್ಲೇ ಬಿಟ್ಟೆ. ತಂತಿಗೂ ಕಬ್ಬಿಣಕ್ಕೂ ನಡುವೆ ಸಂದಿಯಿದ್ದರೆ ತಾನೇ ಕಿಡಿ. ಯಾರೂ ಮುಟ್ಟದೆ ಕಿಡಿ ನಿಂತಿದೆ ಎಂದರೆ ಲೈನ್ ತಂತಿ ಕಬ್ಬಿಣದ ಪಟ್ಟಿಯ ಮೇಲೇ ಕುಳಿತಿರಬಹುದು. ಪಟ್ಟಿಯಿಂದ ಅರ್ಥಿಂಗ್ ತಂತಿ, ಅಲ್ಲಿಂದ ಜಾಲರಿ, ಜಾಲರಿಯೊಳಗೆ ಮರಿಗಳು ಮತ್ತು ಈರಜ್ಜಿ. ಒಣ ಕಲ್ಲುನೆಲದಲ್ಲಿ ಕರೆಂಟ್ ಸರಿಯಾಗಿ ನೆಲಕ್ಕಿಳಿಯದೆ ಫ್ಯೂಸ್ ಹೋಗದೆಯೂ ಇರಬಹುದು.

ತಿಪ್ಪೇಸ್ವಾಮಿಗೆ ಫೋನ್ ಮಾಡಿದೆ. "ಈಗ್ಲೇ ಲೈನ್ ತೆಗಿಸ್ತೀನಿ. ನೀವು ಕಂಬದ ಹತ್ರ ಹೋಗ್ಬ್ಯಾಡ್ರಿ" ಎಂದ. ನಾನಾಗಲೇ ಸ್ಕೂಟರ್ ಹತ್ತಿದ್ದೆ.

ಈರಜ್ಜಿ ಸೊಂಟದ ಮೇಲೆ ನೀರಿನ ಕೊಡ ಹೊತ್ತು ಹೊರಗಿನಿಂದ ದೊಡ್ಡಿಯತ್ತ ಬರುತ್ತಿದ್ದಳು. ಜಾಲರಿಗೆ ಹತ್ತು ಹೆಜ್ಜೆ ಇರಬಹುದು.

"ಅಜ್ಜೀ, ಅಲ್ಲೇ ನಿಲ್ಲು! ಜಾಲರಿ ಮುಟ್ಟಬ್ಯಾಡ!"

"ಯಾಕಪ್ಪ, ನಿನ್ ಹಾಡು ನಿಂತೋತು ಅಂತ ನನ್ ಮ್ಯಾಲೆ ರೇಗ್ತೀಯಾ? ಸದ್ದಿಲ್ದೆ ಮರಿಗಳು ಕಣ್ಣೇ ಮುಚ್ತಿಲ್ಲ."

"ಯಾವಾಗ ನಿಂತಿದ್ದು?"

"ನನ್ ತಾವ ಗಡಿಯಾರ ಐತಾ? ನಿಲ್ತು, ಅಷ್ಟೆ."

ಕೊಡ ಇಳಿಸದೆ ನಿಂತಳು, ಬೈಯುತ್ತಾ. ಮರಿಗಳು ದೊಡ್ಡಿಯ ನಡುವೆ ಒತ್ತೊತ್ತಾಗಿ ನಿಂತಿದ್ದವು. ಎಣಿಸಿದೆ, ಹದಿನಾಲ್ಕು. ಫೋನ್ ರಿಂಗಾಯಿತು. "ಲೈನ್ ಆಫ್ ಆಯ್ತು ಸಾರ್." ಆಮೇಲೆ ತಿಪ್ಪೇಸ್ವಾಮಿ ಬಂದು ಕಂಬ ಹತ್ತಿದ. ತಂತಿ ಪಟ್ಟಿಗೆ ತಾಗದಂತೆ ಹಿಡಿಯುವ ಪಿಂಗಾಣಿ ಇನ್ಸುಲೇಟರ್ ಸೀಳಿತ್ತು, ತಂತಿ ಪಟ್ಟಿಯ ಮೇಲೆ ಒರಗಿತ್ತು.

"ಜಾಲರಿಗೆ ಕರೆಂಟ್ ಬಂದಿತ್ತಾ?" ಎಂದು ಕೇಳಿದೆ.

"ಈಗ ಹೆಂಗೆ ಹೇಳ್ಲಿ? ಆಫ್ ಮಾಡಿದ್ಮೇಲೆ ಎಲ್ಲಾ ಕಂಬಾನೂ ಸತ್ತ ಕಂಬಾನೇ."

ಜಾಲರಿಯನ್ನು ಅವನೇ ಬಿಚ್ಚಿದ. ದೊಡ್ಡಿ ಬೇವಿನ ಮರದ ಕಡೆಗೆ ಸರಿಯಿತು. "ಮರಿ ಮಲಗ್ಸಾಕೆ ಈಗ ಏನ್ ಮಾಡ್ಲಿ?" ಎಂದು ಈರಜ್ಜಿ ಜಗಳಕ್ಕೆ ಬಂದಳು. ಮಾರನೆಯ ದಿನ ನನ್ನ ಟ್ರಾನ್ಸಿಸ್ಟರ್ ಅವಳಿಗೆ ಕೊಟ್ಟೆ. ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿದರೆ ಚರಚರ ಅನ್ನುತ್ತದೆ. ಮರಿಗಳು ಒಪ್ಪಿಕೊಂಡವಂತೆ.

ನನ್ನ ಸ್ಟೇಷನ್ ಈಗಲೂ ಮೌನವಾಗಿದೆ, ನಾನೂ ಸುಖವಾಗಿದ್ದೇನೆ. ಗದ್ದಲ ತಾನಾಗಿ ನಿಂತರೆ ಹಿಗ್ಗುವ ಮೊದಲು ಯಾರು ನಿಲ್ಲಿಸಿದರು ಎಂದು ಕೇಳಬೇಕು. ಮೂವತ್ತೊಂದು ವರ್ಷದ ಕೆಲಸ ಕಲಿಸದ ಈ ಪಾಠವನ್ನು ಹವ್ಯಾಸ ಕಲಿಸಿತು. ಈಗ ಪ್ರತಿ ಸಮಯದ ಮುಂದೆಯೂ ಯಾವ ಗಡಿಯಾರ ಎಂದು ಬರೆಯುತ್ತೇನೆ.

ಆ ದಿನ ಬರೆದಿಲ್ಲ. ಯುಟಿಸಿಯಾದರೆ ನಮ್ಮ ಮೂರು ಐವತ್ತು. ಆಂಜಿನಪ್ಪ ಕೇಳುವ ಮುನ್ನ ನಾನು ಮೌನವನ್ನು ಸವಿದದ್ದು ಹತ್ತೇ ನಿಮಿಷ. ನಮ್ಮ ಸಮಯವಾದರೆ ಬೆಳಿಗ್ಗೆಯೇ ನಿಂತಿತ್ತು. ಐದು ಗಂಟೆ ನಲವತ್ತು ನಿಮಿಷ ನಾನು ಹೆಡ್‌ಫೋನ್ ಹಾಕಿಕೊಂಡು ಖುಷಿಯಾಗಿದ್ದೆ, ಅಜ್ಜಿ ದೊಡ್ಡಿಯಲ್ಲಿದ್ದಳು. ಅವತ್ತು ಊಟಕ್ಕೆ ಮೂರು ಸಲ ಕೂಗಿದ ಮೇಲೆ ಬಂದೆ ಎನ್ನುತ್ತಾಳೆ ಸರ್ವಮಂಗಳ. ಆದರೆ ಅವಳು ಎಲ್ಲ ದಿನದ ಬಗ್ಗೆಯೂ ಹಾಗೇ ಹೇಳುತ್ತಾಳೆ. ಹತ್ತು ನಿಮಿಷವೋ, ಐದು ಗಂಟೆ ನಲವತ್ತು ನಿಮಿಷವೋ, ನನಗೆ ಗೊತ್ತಿಲ್ಲ.