ನೇರಳೆ ಬಾಲದ ಇಲಿಗಳು

ಪುಟ್ಟಸ್ವಾಮಿ, ಆ ಇಲಿಗಳ ಬಾಲಕ್ಕೆ ಬಣ್ಣ ಹಚ್ಚಿದವನು ನಾನು. ಯಾವುದು ಕುಡಿಯುವ ವಂಶದ್ದು, ಯಾವುದು ಅಲ್ಲ ಅನ್ನುವುದು ಗೊತ್ತಿಲ್ಲದೆಯೇ ಹಚ್ಚಿದೆ. ಆ ಬಣ್ಣ ನೋಡಿ ನೀನು ನನ್ನ ತಂಗಿ ಜಯಳನ್ನು ಬಿಟ್ಟುಕೊಟ್ಟೆ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಹಾಸನದ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್. ನಮ್ಮ ಪ್ರೊಫೆಸರು ಎರಡು ವಂಶದ ಬಿಳಿ ಇಲಿಗಳನ್ನು ಸಾಕಿದ್ದರು. ಬೋನಿನಲ್ಲಿ ಎರಡು ಸೀಸೆ—ಒಂದರಲ್ಲಿ ನೀರು, ಇನ್ನೊಂದರಲ್ಲಿ ನೀರು ಬೆರೆಸಿದ ಸ್ಪಿರಿಟ್ಟು. ಒಂದು ವಂಶ ಸ್ಪಿರಿಟ್ಟಿಗೆ ಬಾಯಿ ಹಾಕುತ್ತದೆ, ಇನ್ನೊಂದು ಮೂಸಿಯೂ ನೋಡುವುದಿಲ್ಲ, ಇದು ರಕ್ತದಲ್ಲೇ ಬರುವ ಗುಣ—ಹಾಗೆಂದು ತೋರಿಸುವ ಆಸೆ ಅವರಿಗೆ. ನೋಡಲು ಎಲ್ಲವೂ ಒಂದೇ ಥರ. ಅದಕ್ಕೇ ಕುಡಿಯುವ ವಂಶದವಕ್ಕೆ ಬಾಲದಲ್ಲಿ ನೇರಳೆ ಗುರುತು. ಮಕ್ಕಳ ಬಾಯಿಹುಣ್ಣಿಗೆ ಹಚ್ಚುತ್ತಾರಲ್ಲ, ಅದೇ ಔಷಧಿ. ಇಲಿಗಳು ನೆಕ್ಕಿ ನೆಕ್ಕಿ ಅಳಿಸುತ್ತವೆ, ವಾರಕ್ಕೆರಡು ಸಲ ಹಚ್ಚಬೇಕು.

ಆ ವಾರ ಹಚ್ಚಲಿಲ್ಲ. ಊರಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕಾಲ, ರಾಮನಾಥಪುರದ ಬಸ್ಸು ಹಿಡಿಯುವ ಅವಸರ. ಬೋನು ತೊಳೆಯಲೆಂದು ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಸುರಿದವನು, ಕಾಳು ನೀರು ಇಟ್ಟು ಹಾಗೇ ಹೊರಟುಬಿಟ್ಟೆ. ನಾಲ್ಕು ದಿನ ಬಿಟ್ಟು ಬಂದರೆ ಒಂದರ ಬಾಲದಲ್ಲೂ ಬಣ್ಣವಿಲ್ಲ.

ಹೇಳಬಹುದಿತ್ತು. ಕೆಲಸ ಹೋಗುತ್ತದೆಂಬ ಹೆದರಿಕೆ—ಇಲ್ಲ, ಅದೂ ಅಲ್ಲ, ಪ್ರೊಫೆಸರ ಎದುರು ದಡ್ಡ ಅನ್ನಿಸಿಕೊಳ್ಳಲು ಮನಸ್ಸಿರಲಿಲ್ಲ. ಒಂದೊಂದೇ ಇಲಿಯನ್ನು ಸೀಸೆಗಳ ಮುಂದೆ ಬಿಟ್ಟೆ. ಸ್ಪಿರಿಟ್ಟಿಗೆ ಹೋದದ್ದರ ಬಾಲಕ್ಕೆ ಬಣ್ಣ ಬಳಿದೆ. ಕುಡಿದದ್ದನ್ನೆಲ್ಲ ಕುಡಿಯುವ ವಂಶಕ್ಕೆ ಸೇರಿಸಿದ ಮೇಲೆ ಫಲಿತಾಂಶ ತಪ್ಪುವುದಾದರೂ ಹೇಗೆ?

ಎರಡು ವಂಶಗಳ ವ್ಯತ್ಯಾಸ ನೋಡಲು ಆಗಾಗ ಮಾಡುತ್ತಿದ್ದಂತೆ, ಮುಂದಿನ ವಾರ ನಿದ್ದೆ ಬರಿಸುವ ಒಂದು ಸ್ಟೀರಾಯ್ಡ್ ಚುಚ್ಚಿದೆವು. ಮೊದಲಾದರೆ ನೇರಳೆ ಬಾಲದವು ಬೇಗ ಏಳುತ್ತಿದ್ದವು, ಮಿಕ್ಕವು ಸಂಜೆಯವರೆಗೆ ಮಲಗುತ್ತಿದ್ದವು. ಈ ಸಲ ನೇರಳೆ ಬಾಲದವೇ ಕೆಲವು ತಟ್ಟನೆ ಎದ್ದವು, ಕೆಲವು ಸತ್ತಂತೆ ಬಿದ್ದೇ ಇದ್ದವು. ಎರಡೂ ವಂಶ ಕಲಸಿಹೋಗಿದೆ ಎಂದು ನನಗೆ ಅಲ್ಲೇ ಖಾತ್ರಿಯಾಯಿತು. ಔಷಧಿಯ ಅಳತೆ ತಪ್ಪಿತು ಸಾರ್ ಎಂದೆ. ಅವರು ನಂಬಿದರು.

ಅದೇ ದಿನಗಳಲ್ಲಿ ನಿನಗೂ ಜಯಳಿಗೂ ಮದುವೆಯ ಮಾತು. ನಿಮ್ಮಪ್ಪ ಕುಡಿದು ಕುಡಿದೇ ಹೋದವರು. ನೀನು ಅರಕಲಗೂಡಿನ ಮೇಷ್ಟ್ರು, ಒಂದು ಹನಿ ಮುಟ್ಟಿದವನಲ್ಲ. ಆದರೂ ನಮ್ಮಪ್ಪನಿಗೆ ಅನುಮಾನ. ನಾನು ಮನೆಯಲ್ಲಿ ಹೇಳಿದ್ದ ಆ ಇಲಿಗಳನ್ನು ಕಣ್ಣಾರೆ ನೋಡಬೇಕೆಂದರು, ನೀನೂ ಜೊತೆಗೆ ಬಂದೆ. ಪ್ರೊಫೆಸರು ಹೆಮ್ಮೆಯಿಂದ ತೋರಿಸಿದರು. ನೇರಳೆ ಬಾಲದವು ಒಂದೂ ತಪ್ಪದೆ ಸ್ಪಿರಿಟ್ಟಿನ ಸೀಸೆಗೇ ಹೋದವು. ನೀನು ನನ್ನನ್ನು ವರಾಂಡಕ್ಕೆ ಕರೆದೊಯ್ದು ಕೇಳಿದೆ:

“ನಿಜ ಯೋಳ್ಲಾ. ನಂಗ್ ಉಟ್ಟೋ ಮಕ್ಳೂ ಇಂಗೇ ಆಗ್ತವಾ?”

“ಇಲಿ ಸುಳ್ಳೇಳಲ್ಲ ಕಣ್ಲಾ,” ಅಂದೆ.

ಇಲಿಗಳು ಹೇಳಿರಲಿಲ್ಲ. ಅಲ್ಲಿದ್ದ ಸುಳ್ಳುಗಾರ ನಾನೊಬ್ಬನೇ.

ಅಪ್ಪ ಬೇಡ ಅನ್ನುವ ಮೊದಲೇ ನೀನು ಬೇಡ ಎಂದೆ. ಆಮೇಲೆ ಯಾರನ್ನೂ ಮದುವೆಯಾಗಲಿಲ್ಲ. ಕೆಮ್ಮಿಗೆ ಕೊಟ್ಟ ಟಾನಿಕ್ಕನ್ನೂ, ಅದರಲ್ಲಿ ಸ್ಪಿರಿಟ್ಟಿದೆ ಎಂದು ಚೆಲ್ಲುತ್ತಿದ್ದೆಯಂತೆ. ಇದನ್ನು ಕೇಳಿದ ಮೇಲೂ ನಾನು ಬಾಯಿ ಬಿಡಲಿಲ್ಲ, ನೋಡು. ಜಯಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟೆವು. ನೀನು ಯಾಕೆ ಬೇಡವೆಂದೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ತನ್ನಲ್ಲೇ ಏನೋ ಐಬು ಕಂಡಿರಬೇಕು ಎಂದುಕೊಂಡೇ ಇಷ್ಟು ವರ್ಷ ಬಾಳಿದ್ದಾಳೆ.

ನಿನ್ನೆ ಹೋಗಿ ಅವಳಿಗೆ ಎಲ್ಲ ಹೇಳಿದೆ. ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಿ ಪೂರ್ತಿ ಕೇಳಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ.

“ನೀನ್ ಆ ಬಣ್ಣ ಬಳ್ದ್ ಮ್ಯಾಲೆ ಭಾನ್ವಾರ ಊರ್ಗ್ ಬಂದಾಗ ನಿನ್ ಬೆರಳೆಲ್ಲಾ ನೇರಳೆ ಆಗಿತ್ತು,” ಅಂದಳು. “ನಿಂಬೆಹೋಳಲ್ಲಿ ಉಜ್ಜಿ ಉಜ್ಜಿ ನಾನೇ ತೊಳ್ದಿದ್ದೆ ಕಣಣ್ಣ.”

ಮತ್ತೆ ಮೊರ ಎತ್ತಿಕೊಂಡಳು. ನಾನು ಹೊರಡುವಾಗಲೂ ತಲೆ ಎತ್ತಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಸೋಮವಾರ ಅರಕಲಗೂಡಿಗೆ ನಾನೇ ತರುತ್ತೇನೆ. ನೀನು ಓದಿ ಮುಗಿಸುವವರೆಗೂ ನಿನ್ನ ಎದುರಿಗೇ ನಿಂತಿರುತ್ತೇನೆ.