ಅಕ್ಕನ ಆವಾಜ್

ಬೀದರಿನಲ್ಲಿ ಸ್ಪೀಕರ್ ಕೊಳ್ಳಲು ಹೋಗುವವರು ‘ಆವಾಜ್’ ಎಂಬ ಮಾತನ್ನು ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ನಮ್ಮ ಕಡೆ ಮನುಷ್ಯರ ದನಿಗೂ ಆವಾಜ್ ಅನ್ನುತ್ತಾರೆ, ಗದ್ದಲಕ್ಕೂ ಆವಾಜ್ ಅನ್ನುತ್ತಾರೆ. ಇದೇ ಊರಿನಲ್ಲಿ ಹುಟ್ಟಿ, ಇಲ್ಲಿಯ ಮೈಲೂರು ಬಡಾವಣೆಯಲ್ಲಿ ಮನೆ ಮಾಡಿ, ಇಷ್ಟು ವರ್ಷ ನರ್ಸ್ ಕೆಲಸ ಮಾಡಿದ ನನಗೆ ಇದು ಗೊತ್ತಿರಬೇಕಿತ್ತು. ಆದರೂ ಅಂಗಡಿಗೆ ಹೋಗಿ, “ಆವಾಜ್ ಚಲೋ ಇರೋದು ತೋರಸ್ರಿ” ಅಂದುಬಿಟ್ಟೆ.

ಅಂಗಡಿಯವರಿಗೆ ಅಷ್ಟೇ ಬೇಕಾಗಿತ್ತು. ನನ್ನ ಸೊಂಟದೆತ್ತರದ ಡಬ್ಬಿಯೊಂದನ್ನು ಎಳೆದು ತಂದು ಹಚ್ಚಿದರು. ಗಾಜಿನ ಕಪಾಟು ನಡುಗಿತು. ಅವರ ಚಹಾದ ಬಸಿ ಮೇಜಿನ ಮೇಲೆ ತಾನಾಗಿಯೇ ಸರಿಯಿತು. ಬೆಳಿಗ್ಗೆ ತಿಂದ ಉಪ್ಪಿಟ್ಟು ನನ್ನ ಹೊಟ್ಟೆಯಲ್ಲಿ ಎದ್ದು ಕೂತಿತು.

“ಆವಾಜ್ ನೋಡ್ರಿ ಮೇಡಂ, ಬಗದಲ್ ಊರಿನ ತನಕ ಕೇಳಸ್ತದ!”

“ಕೇಳೋರು ನಮ್ಮ ಅಕ್ಕರಿ. ಆಕಿ ಭಾಲ್ಕಿಯಾಗ ಇರ್ತಾಳ,” ಎಂದೆ ಸಿಟ್ಟಿನಿಂದ.

“ಭಾಲ್ಕಿ ತನಕ ಬೇಕಂದ್ರ ಇದಕ್ಕಿಂತ ದೊಡ್ಡದು ಅದರಿ,” ಎಂದು ಅವರು ಒಳಗೆ ಹೊರಟೇಬಿಟ್ಟರು. ಅವರು ಹೊರಗೆ ಬರುವಷ್ಟರಲ್ಲಿ ನಾನು ಬಸ್ ಸ್ಟ್ಯಾಂಡ್ ಮುಟ್ಟಿದ್ದೆ.

ನನಗೆ ಬೇಕಾಗಿದ್ದದ್ದು ಅಕ್ಕನ ಆವಾಜ್. ಅಕ್ಕ ಭಾಲ್ಕಿಯಲ್ಲಿ ಟೀಚರ್. ಚರ್ಚಿನಲ್ಲಿ ಯಾವಾಗಲೂ ಹಾಡು ಎತ್ತುತ್ತಿದ್ದವಳು ಅವಳೇ. ಎತ್ತರದ ದನಿಯೇನಲ್ಲ, ಆದರೆ ತುಂಬಿದ ದನಿ. ಅವಳು ಎತ್ತಿದ ಮೇಲೆ ಉಳಿದವರಿಗೆ ತಪ್ಪು ಹಾಡಲು ನಾಚಿಕೆಯಾಗುತ್ತಿತ್ತು. ಗಂಟಲಿನ ಗಡ್ಡೆ ತೆಗೆಸಿದ ಮೇಲೆ ಆ ದನಿ ಹೋಯಿತು. ಕೆಲವರಿಗೆ ಹಾಗಾಗುತ್ತದೆ. ಜೀವ ಉಳಿಯಿತು, ಜೊತೆಗೆ ಒಂದು ಒಣ ಪಿಸುದನಿ ಉಳಿಯಿತು. ಈಗ ಹಿತ್ತಲಲ್ಲಿರುವ ಭಾವನನ್ನು ಕರೆಯಬೇಕೆಂದರೆ ಸ್ಟೀಲ್ ತಾಟಿಗೆ ಚಮಚದಿಂದ ಬಡಿಯುತ್ತಾಳೆ. “ಊಟಕ್ಕ ಕರೀತಾಳೋ ಜಗಳಕ್ಕೋ, ಒಳಗ ಬರೋತನಕ ಗೊತ್ತಾಗಂಗಿಲ್ಲ,” ಎನ್ನುತ್ತಾರೆ ಭಾವ.

ಒಂದು ದಿನ ಅಕ್ಕ ಸೊಪ್ಪು ಸೋಸುತ್ತಾ, “ನನ್ನ ಆವಾಜ್ ಹ್ಯಾಂಗಿತ್ತು ಅಂತ ನನಗೇ ಮರ್ತು ಹೋಗ್ಯದ ನೋಡು,” ಅಂದಳು. ನಗುತ್ತಲೇ ಅಂದಳು. ನಾನು ಬಸ್ಸಿನಲ್ಲಿ ಬೀದರಿನವರೆಗೂ ಅತ್ತುಕೊಂಡು ಬಂದೆ.

ನನ್ನ ಮೊಬೈಲಿನಲ್ಲಿ ಅವಳ ಒಂದು ಹಾಡಿತ್ತು. ಆಪರೇಷನ್ನಿಗೆ ಮುಂಚೆ, ಅವಳ ಅಡುಗೆಮನೆಯಲ್ಲಿ ನಾನೇ ರೆಕಾರ್ಡ್ ಮಾಡಿಕೊಂಡದ್ದು. ಹಾಡು ಮುಗಿದ ಸ್ವಲ್ಪ ಹೊತ್ತಿಗೆ ಅವಳು ಭಾವನಿಗೆ ಏನೋ ಕೂಗಿ ಹೇಳುವುದೂ ಅದರಲ್ಲಿ ಸೇರಿಬಿಟ್ಟಿದೆ. ಒಳ್ಳೆಯ ಹಾಡು ಕೆಡಿಸಿದಳಲ್ಲ ಎಂದು ನನಗೆ ಕಿರಿಕಿರಿ; ಅದು ಬರುವಷ್ಟರೊಳಗೆ ಯಾವಾಗಲೂ ನಿಲ್ಲಿಸಿಬಿಡುತ್ತಿದ್ದೆ. ಈ ಹಾಡನ್ನು ಮೊಬೈಲಿನಲ್ಲೇ ಕೇಳಿಸಿದರೆ ಅಕ್ಕ ಮುಖ ಕಿವುಚಿದಳು. “ಇದು ನಾ ಅಲ್ಲ. ಡಬ್ಬಿಯೊಳಗ ಸೊಳ್ಳಿ ಸಿಕ್ಕೊಂಡಂಗ ಅದ.”

ಹಾಗಾಗಿ ಒಳ್ಳೆಯ ಸ್ಪೀಕರ್ ಹುಡುಕುವ ಹುಚ್ಚು ಹಿಡಿಯಿತು. ಇಂಟರ್ನೆಟ್ಟಿನಲ್ಲಿ ಓದಿ ಓದಿ ಅರ್ಧ ಇಂಜಿನಿಯರ್ ಆದೆ. ಡೊಳ್ಳಿನ ದಪ್ಪ ಸದ್ದು ಕೆಳಗಿರುತ್ತದೆ, ತಾಳದ ಸಣ್ಣ ಸದ್ದು ಮೇಲಿರುತ್ತದೆ, ಮನುಷ್ಯರ ದನಿ ಬಹುಪಾಲು ಇವೆರಡರ ನಡುವೆ ಇರುತ್ತದೆ. ಅದಕ್ಕೆ ಮಿಡ್‌ರೇಂಜ್ ಅನ್ನುತ್ತಾರಂತೆ. ಈಗಿನ ಎಷ್ಟೋ ಡಬ್ಬಿಗಳು ಎರಡೂ ತುದಿಗೆ ಹಬ್ಬದೂಟ ಬಡಿಸಿ ನಡುವನ್ನು ಉಪವಾಸ ಕೆಡವುತ್ತವೆ. ಇದನ್ನು ನಾನು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುತ್ತಾ ಪೇಷಂಟುಗಳಿಗೂ ವಿವರಿಸುತ್ತಿದ್ದೆ. ಅವರು ಪಾಪ, ಎಲ್ಲದಕ್ಕೂ ಹೌದ್ರಿ ಅನ್ನುತ್ತಿದ್ದರು.

ಇಷ್ಟೆಲ್ಲ ತಿಳಿದುಕೊಂಡು ತರಿಸಿದ ಮೊದಲ ಜೋಡಿಯ ದನಿ ಜೋಳದ ದಂಟಿನಂತೆ ಸಪೂರ. ಅಕ್ಕ ಕೇಳಿ, “ಅವತ್ತು ನನಗ ನೆಗಡಿ ಆಗಿತ್ತೇನ?” ಅಂದಳು. ವಾಪಸ್ ಕಳಿಸಿದೆ. ಆಮೇಲೆ ಗೆಳತಿಯ ಮನೆಯಿಂದ ಎರವಲು ತಂದ ಜೋಡಿ ಹಚ್ಚಿದರೆ, “ಯಾವ ಗಂಡಸು ಹಾಡ್ಲಿಕತ್ತಾನ?” ಅಂದಳು. ಭಾವ ಬಾಯಿಗೆ ಟವೆಲ್ ಒತ್ತಿಕೊಂಡು ಹಿತ್ತಲಿಗೆ ಹೋದರು.

ಅಷ್ಟರಲ್ಲಿ ಔರಾದಿನಿಂದ ಒಂದು ಸುದ್ದಿ ಬಂತು. ಅಲ್ಲಿಯ ಬಟ್ಟೆ ಅಂಗಡಿಯ ಚಾಚಾ ಒಬ್ಬರು ತಮ್ಮ ಹಳೆಯ ಕಟ್ಟಿಗೆಯ ಸ್ಪೀಕರ್ ಜೋಡಿ ಮಾರುತ್ತಾರಂತೆ. ಸೊಸೆಗೆ ಫ್ರಿಜ್ ಇಡಲು ಜಾಗ ಬೇಕಂತೆ. ಹೋದೆ. ಚಾಚಾ ಒಂದು ಗಜಲ್ ಹಚ್ಚಿ, ತಾವೂ ಕಣ್ಣು ಮುಚ್ಚಿ ಜೊತೆಗೆ ಹಾಡತೊಡಗಿದರು. ಯಾವುದು ಸ್ಪೀಕರ್, ಯಾವುದು ಚಾಚಾ ಎಂದು ತಿಳಿಯುವಂತಿರಲಿಲ್ಲ.

“ಚಾಚಾ, ನೀವು ಜರಾ ಖಾಮೋಶ್ ಕುಂದರ್ತೀರೇನ್ರಿ?”

“ಬೇಟಿ, ಮೂವತ್ತು ವರ್ಷದಿಂದ ನಾವು ಮೂರೂ ಮಂದಿ ಕೂಡೇ ಹಾಡ್ತೇವ್ರಿ,” ಎಂದು ಮುಖ ಸಣ್ಣದು ಮಾಡಿಕೊಂಡರೂ ಸುಮ್ಮನಾದರು.

ಅಕ್ಕನ ಹಾಡು ಹಚ್ಚಿದೆ. ಸಾಲು ಮುಗಿದಾಗ ಅವಳು ಉಸಿರು ಎಳೆದುಕೊಳ್ಳುವುದು ಕೇಳಿಸಿತು. ‘ಸ’ ಬಂದಲ್ಲಿ ಬುಸುಗುಡಲಿಲ್ಲ, ಮೂಗಿನಲ್ಲಿ ಸಿಕ್ಕಿಕೊಳ್ಳಲಿಲ್ಲ. ಅಕ್ಕ ಆ ಫ್ರಿಜ್ಜಿನ ಜಾಗದಲ್ಲಿ ನಿಂತು ಹಾಡಿದ ಹಾಗಿತ್ತು. ಚೌಕಾಸಿ ಮಾಡುವುದನ್ನೂ ಮರೆತು ಎರಡನ್ನೂ ಎತ್ತಿಕೊಂಡು ಬಸ್ಸು ಹತ್ತಿದೆ. ಸೀಟಿನ ತುಂಬ ಅವೇ ಕೂತಿದ್ದನ್ನು ನೋಡಿ ಕಂಡಕ್ಟರ್, “ಇವ್ರದ್ದು ಆಧಾರ್ ಕಾರ್ಡ್ ತಂದೀರೇನ್ರಿ?” ಎಂದ.

ಭಾಲ್ಕಿಯಲ್ಲಿ ಎರಡು ಸ್ಟೂಲ್ ಇಟ್ಟು, ಅಕ್ಕನ ಕಿವಿಯ ಎತ್ತರಕ್ಕೆ ಸರಿ ಮಾಡಿ, ಗೋಡೆಯಿಂದ ದೂರ ನಿಲ್ಲಿಸಿದೆ. “ಗ್ವಾಡಿಗೆ ಹಚ್ಚಿ ಇಡವ್ವಾ, ನಾವು ತಿರಗ್ಯಾಡೋದು ಎಲ್ಲಿ?” ಎಂದು ಗೊಣಗುತ್ತಾ ಭಾವ ಟಾಕಿಗೆ ನೀರು ತುಂಬಿಸಲು ಹಿತ್ತಲಿಗೆ ಹೋಗಿ ಮೋಟರ್ ಹಚ್ಚಿದರು. ನಾನು ಹಾಡು ಹಚ್ಚಿದೆ. ಅಕ್ಕ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ನಾನು ಅವಳ ಮುಖವನ್ನೇ ನೋಡುತ್ತಾ ಕೂತೆ.

“ಚಲೋ ಅದ,” ಎಂದಳು. “ಆದ್ರ ಇದೂ ನಾ ಅಲ್ಲ.”

ನನ್ನ ಸಿಟ್ಟು ನೆತ್ತಿಗೇರಿತು. “ಅಕ್ಕಾ, ತನ್ನ ಆವಾಜ್ ತನಗ ತಲಿ ಎಲುಬಿನೊಳಗಿಂದ ಕೇಳಸ್ತದ! ಅದು ಯಾವ ಡಬ್ಬಿಯಾಗೂ ಬರಂಗಿಲ್ಲ. ನಿನ್ನ ಆವಾಜ್ ಹ್ಯಾಂಗಿತ್ತು ಅಂತ ನಿನಗೇನು ಗೊತ್ತು? ಕೇಳೋರಿಗೆ ಗೊತ್ತು!”

ಈ ಜಗಳದಲ್ಲಿ ಮೊಬೈಲ್ ನಿಲ್ಲಿಸುವುದನ್ನು ಮರೆತಿದ್ದೆ. ಸ್ಪೀಕರಿನಿಂದ ಅಕ್ಕ ಕೂಗಿದಳು: “ಏನ್ರೀ! ಮೋಟರ್ ಬಂದ್ ಮಾಡ್ರಿ, ಟಾಕಿ ತುಂಬ್ಯದ!”

“ಹ್ಞಾಂ, ಮಾಡ್ದೆ ಮಾಡ್ದೆ!” ಎಂದಿತು ಹಿತ್ತಲು. ಮೋಟರ್ ನಿಂತಿತು. ಒದ್ದೆ ಕಾಲಿನಲ್ಲಿ ಭಾವ ಬಾಗಿಲಿಗೆ ಬಂದರು. “ಟಾಕಿ ಅರ್ಧಾನೂ ತುಂಬಿಲ್ಲ. ಯಾಕ ಕರ್ದಿ?”

ಕೇಳಿದ ಮೇಲೆ ಅವರಿಗೇ ಹೊಳೆಯಿತು. ಸ್ಪೀಕರುಗಳನ್ನು ನೋಡಿದರು, ಮೇಜಿನ ಮೇಲಿದ್ದ ತಾಟು ಚಮಚ ನೋಡಿದರು. ಬಾಗಿಲು ಹಿಡಿದ ಕೈ ಹಾಗೇ ಇತ್ತು. ನಾನು ಮೊಬೈಲ್ ನಿಲ್ಲಿಸಿದೆ. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು, ಆ ಒಣ ದನಿಯಲ್ಲೇ ಹೇಳಿದಳು:

“ಹೌದ್ರಿ, ನಾನೇ ಕರ್ದೆ. ಸುಮ್ಮ ಕರ್ದೆ.”